ಮೂರು ಗೆರೆಯ ಕಮರಿ

ಗೆಳೆಯ ವಿನ್ಸೆಂಟರು ನೋಡಬೇಕೆಂದಿದ್ದರು ಎಂದು ಇವತ್ತು ಬೀರುವಿನ ಮೇಲಿಂದ ಹಳೆಯ ಭೂಪಟದ ಸುರುಳಿ ಇಳಿಸಿದೆ. ಊಟದ ಮೇಜಿನ ಮೇಲೆ ಮರಳು ಉದುರಿತು. ಒರೆಸಲು ಬಟ್ಟೆ ತಂದವನು ಒರೆಸದೆ ನಿಂತೆ.

ನೆಲದ ಏರಿಳಿತಗಳನ್ನು ಗೆರೆಗಳಲ್ಲಿ ತೋರಿಸುವ ಈ ಪಟವನ್ನು ಕತಾರಿನ ವೆಸ್ಟ್ ಬೇ ಬಡಾವಣೆಯ ನಮ್ಮ ಆಫೀಸು ಕಂಪ್ಯೂಟರಿನ ಮೋಹದಲ್ಲಿ ಕಸಕ್ಕೆ ಹಾಕಿತ್ತು. ನಾನು ದತ್ತು ತೆಗೆದುಕೊಂಡೆ. ಕತಾರ್ ಎಂದರೆ ದೋಸೆಹೆಂಚಿನಂಥ ಚಪ್ಪಟೆ ನಾಡೆಂದು ನೀವು ತಿಳಿದಿರಬಹುದು. ಆದರೆ ಪಶ್ಚಿಮದ ಅಂಚಿನಲ್ಲಿ ಸುಣ್ಣಕಲ್ಲಿನ ಗೋಡೆಗಳಿವೆ, ನಡುವೆ ಕಮರಿಯೂ ಉಂಟು. ಪಟದಲ್ಲಿ ಅದಕ್ಕೆ ಸಂದ ಮರ್ಯಾದೆ ಮೂರೇ ಗೆರೆ.

ಒಂದು ಶುಕ್ರವಾರ ಅಲ್ಲಿ ಚಿತ್ರಾನ್ನ ತಿಂದು, ನನ್ನಾಕೆಯನ್ನು ಕಾರಿನ ನೆರಳಿನಲ್ಲಿ ಬಿಟ್ಟು, ನಾನೂ ವಿನ್ಸೆಂಟರೂ ಕಮರಿಗಿಳಿದೆವು. ದಾರಿ ಕವಲೊಡೆದಲ್ಲಿ ಅವರು, "ನಿಮ್ಮ ಪಟ ಎಡಕ್ಕೆ ಹೋಗ್ಲಿ ಮಾರಾಯ್ರೆ, ನಾನು ಬಲಕ್ಕೆ. ಮುಂದೆ ಸಿಗುವ," ಎಂದರು. ಅವರಿಗೆ ಸಕ್ಕರೆ ಕಾಯಿಲೆ. ಅವರ ನೀರೂ, ಸಕ್ಕರೆ ಇಳಿದರೆ ಬೇಕಾಗುವ ಮಿಠಾಯಿಯೂ ನನ್ನ ಹೆಗಲ ಚೀಲದಲ್ಲೇ ಉಳಿದವು.

ಮುಂದೆ ಸಿಗಲಿಲ್ಲ. ಫೋನು ಸತ್ತಂತಿತ್ತು. ಪಟದಲ್ಲಿ ಗೆರೆಗೂ ಗೆರೆಗೂ ನಡುವೆ ಐದು ಮೀಟರು ಎತ್ತರ. ಅದಕ್ಕಿಂತ ಗಿಡ್ಡ ಬಂಡೆ ಪಟದ ಪಾಲಿಗೆ ಬಂಡೆಯೇ ಅಲ್ಲ. ಆದರೆ ಒಬ್ಬ ವಿನ್ಸೆಂಟರನ್ನು ಮರೆಮಾಡಲು ಎಷ್ಟೆತ್ತರ ಬೇಕು? ಕೂಗಿದೆ. ಉತ್ತರ ಬಂತು:

"ನೀವು ಅಲ್ಲೇ ಇರಿ, ನಾನೇ ಬರ್ತೇನೆ!"

"ಛೆ, ನಿಮಗ್ಯಾಕೆ ತೊಂದರೆ? ನಾನೇ ಬರ್ತೀನಿ!"

'ನೀವು ಮೊದಲು, ನೀವು ಮೊದಲು' ಎನ್ನುತ್ತಲೇ ಲಿಫ್ಟು ತಪ್ಪಿಸಿಕೊಳ್ಳುವ ಜನ ನಾವು. ಅವರು ನಾನಿದ್ದಲ್ಲಿಗೆ, ನಾನು ಅವರಿದ್ದಲ್ಲಿಗೆ. ಪ್ರತಿ ಸಲ ದನಿಗೆ ಹೊಸ ದಿಕ್ಕು. ಪ್ರತಿ ಸಲವೂ ಅದು ಇನ್ನಷ್ಟು ಸಣ್ಣ. ಕಡೆಗೆ "ಅಲ್ಲೇ..." ಎಂದಷ್ಟೇ ಕೇಳಿಸಿತು. ಬೆನ್ನಮೇಲೆ ಅವರ ನೀರು ಕುಲುಕುತ್ತಿತ್ತು.

"ರೀ! ಇಬ್ಬರೂ ನಿಲ್ಲಿ!" ಮೇಲೆ, ಕಮರಿಯ ಅಂಚಿನಲ್ಲಿ ನನ್ನಾಕೆ. "ಒಂದೇ ಬಂಡೆಗೆ ಪ್ರದಕ್ಷಿಣೆ ಹಾಕ್ತಿದ್ದೀರಲ್ಲ! ವಿನ್ಸೆಂಟರೇ, ಕೂತ್ಕೊಳ್ಳಿ. ಇವರೇ ಬರ್ತಾರೆ."

ವಿನ್ಸೆಂಟರು ಬೆವತು, ಬಂಡೆಗೊರಗಿ ಕುಳಿತಿದ್ದರು. ಮಿಠಾಯಿಯನ್ನು ನಾನೇ ಬಾಯಿಗಿಡಬೇಕಾಯಿತು. ಅದು ಕರಗಿದ ಮೇಲೆ ಅವರಾಡಿದ ಮೊದಲ ಮಾತು: "ಸುಮ್ಮನೆ ನಿಮಗೆ ತೊಂದರೆ."

ಈಗಷ್ಟೇ ವಿನ್ಸೆಂಟರ ಫೋನು ಬಂತು. "ಓಲ್ಡ್ ಏರ್‌ಪೋರ್ಟ್ ಏರಿಯಾಕ್ಕೆ ಬಂದೆ. ನಿಮ್ಮ ಗಲ್ಲಿ ಎಂತ ಗೊತ್ತಾಗುದಿಲ್ಲ. ನೀವು ಅಲ್ಲೇ ಇರಿ, ನಾನೇ ಬರ್ತೇನೆ."

ನಾನೇ ಎದುರು ಹೋಗೋಣವೆಂದು ಎದ್ದೆ. ಒಂದು ಕಾಲು ಆಗಲೇ ಚಪ್ಪಲಿಯೊಳಗಿತ್ತು. ಹೊರಗೆ ತೆಗೆದೆ. "ಆಗಲಿ, ಬನ್ನಿ," ಎಂದೆ.

ಮೇಜಿನ ಮೇಲಿನ ಮರಳಿನ ಪಕ್ಕ ಒಂದು ಮಿಠಾಯಿ ಇಟ್ಟು, ಬಾಗಿಲು ತೆರೆದು, ಅಲ್ಲಾಡದೆ ಕುಳಿತಿದ್ದೇನೆ. ಇಷ್ಟು ಕಷ್ಟದ ಅಸೌಜನ್ಯವನ್ನು ನಾನು ಹಿಂದೆಂದೂ ಮಾಡಿದವನಲ್ಲ.