ಎದುರಂಗಡಿಯ ಮೇಲೆ ಕಣ್ಣಿಟ್ಟ ಮಂಚಯ್ಯ

ಏ ಸಂತೆಗೆ ಹೊರಟವರೇ, ಚೀಲ ಕೆಳಗಿಳಿಸಿ ಒಂದು ಗಳಿಗೆ ನಿಲ್ಲಿ, ಕೆ.ಆರ್. ಪೇಟೆಯ ಬೆಲ್ಲದಂಗಡಿ ಮಂಚಯ್ಯನ ಸಂಗತಿ ಹೇಳುತ್ತೇನೆ. ಊರಿಗೆ ಮೋಟಾರು ಬಸ್ಸು ಹೊಸದಾಗಿ ಬಂದ ಕಾಲದ್ದು. ಮಂಚಯ್ಯ ಕೂರುತ್ತಿದ್ದದ್ದು ತನ್ನ ಗಲ್ಲಾದ ಮುಂದೆ, ಕಣ್ಣಿದ್ದದ್ದು ಎದುರಿನ ಬೋರಯ್ಯನ ಬೆಲ್ಲದಂಗಡಿಯ ಮೇಲೆ. ಯಾರಾದರೂ ಬೆಲ್ಲ ಕೇಳಿದರೆ, "ತಡಿಯಣ್ಣೋ, ಆವಯ್ಯನ ಅಂಗ್ಡಿಗೆ ಯಾರೋ ವೋಯ್ತಾವ್ರೆ" ಎಂದು ಕತ್ತು ಚಾಚುತ್ತಿದ್ದ. ಬೋರಯ್ಯ ಗಿರಾಕಿಗಳಿಗೆ ಬೆಂಚು ಹಾಕಿಸಿದರೆ ಇವನು ಸಾಲ ಮಾಡಿ ಕುರ್ಚಿ ತರಿಸಿದ. ಅವನು ಎಲೆಅಡಿಕೆ ಕೊಟ್ಟರೆ ಇವನು ಕಾಫಿ ಕೊಟ್ಟ. ಕಾಫಿ ಕುಡಿದವರು ಬಾಯಿ ಒರೆಸಿಕೊಂಡು ಎಲೆಅಡಿಕೆಗೆ ಎದುರಿಗೆ ಹೋದರು. ಕೊನೆಗೆ ಹೊಟ್ಟೆಯುರಿ ತಾಳದೆ ಬೆಲ್ಲವನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದ. ಗಾಡಿಗಟ್ಟಲೆ ಒಯ್ಯುತ್ತಿರುವವರು ಬೋರಯ್ಯನ ಭಾವಮೈದುನರೆಂದು ಹೆಂಡತಿ ಬೀರಮ್ಮ ಎಚ್ಚರಿಸಿದರೆ, "ಅವ್ನ ನೆಂಟ್ರೇ ನನ್ತಾವ್ಕೆ ಬತ್ತಾವ್ರೆ ನೋಡಮ್ಮಿ!" ಎಂದು ಮೀಸೆ ತಿರುವಿದ. ಅದೇ ಬೆಲ್ಲ ಬೋರಯ್ಯನಲ್ಲಿ ಲಾಭಕ್ಕೆ ಮಾರಾಟವಾಯಿತು. ಸಾಲ ಕೊಟ್ಟವರು ಮಂಚಯ್ಯನ ಸಾಮಾನೆಲ್ಲ ಹರಾಜಿಗಿಟ್ಟರು. ಹರಾಜು ನೋಡಲು ಬೀದಿ ತುಂಬ ಜನ. ಅಳುತ್ತಿದ್ದ ಬೀರಮ್ಮನ ಕಿವಿಯಲ್ಲಿ ಮಂಚಯ್ಯ, "ಅಳ್ಬ್ಯಾಡ ಕಣಮ್ಮಿ, ಆ ಕಡೀಕ್ ನೋಡು, ಇವತ್ತು ಅವ್ನ ಅಂಗ್ಡೀಲಿ ಒಂದು ನರಪಿಳ್ಳೇನೂ ಇಲ್ಲ" ಎಂದ. ಸಂಜೆಗೆ ತಕ್ಕಡಿಯೂ ಹೋಗಿ ಗೋಡೆಗಳಷ್ಟೇ ಉಳಿದವು. ಎದುರಿಗೆ ಬೋರಯ್ಯ ಎಂದಿನಂತೆ ಒಂದು ದೀಪ ಹಚ್ಚಿದ. ಮಂಚಯ್ಯ ಜನ್ಮದಲ್ಲಿ ಮೊದಲ ಸಲ ಬೀದಿ ದಾಟಿ ಅವನಲ್ಲೇ ಒಂದಿಷ್ಟು ಎಣ್ಣೆ ಕಡ ಕೇಳಿದ. "ಮಾರಕ್ಕೇನದೆ ಅಂತ ದೀಪ ಹಚ್ತೀಯಲಾ?" ಎನ್ನುತ್ತಲೇ ಬೋರಯ್ಯ ಅಳೆದುಕೊಟ್ಟ ಎಣ್ಣೆಯನ್ನು ಮಂಚಯ್ಯ ತಂದು, ಬರಿದಾದ ಅಂಗಡಿಯಲ್ಲಿ ಎರಡು ದೀಪ ಹಚ್ಚಿಟ್ಟು ಮನೆಗೆ ಹೋದ.