ಹುಟ್ಟಿದ ದಿನ ಗೊತ್ತಿಲ್ಲದವರು

ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಮಡಚುವ ಮೇಜು ಹಾಕಿಕೊಂಡು ಮೂವತ್ತು ವರ್ಷ ಊರವರ ಅರ್ಜಿ ಬರೆದ ನನ್ನ ಗೆಳೆಯ ಈಚೆಗೆ ತೀರಿಕೊಂಡ. ಊರಿಗೆಲ್ಲ ಅವನು ಅರ್ಜಿಯಣ್ಣ. ಹುಟ್ಟಿದ ದಿನ ಗೊತ್ತಿಲ್ಲ ಅಂದವರನ್ನು ಅವನು ಯಾವತ್ತೂ ವಾಪಸ್ ಕಳಿಸಲಿಲ್ಲ. ಮುಖ ನೋಡಿ ವರ್ಷ ಅಂದಾಜು ಮಾಡಿ, ಜನವರಿ ಒಂದು ಎಂದು ಬರೆದುಬಿಡುತ್ತಿದ್ದ. ಹೀಗೆ ಅರ್ಧ ಊರು ಒಂದೇ ದಿನ ಹುಟ್ಟಿತು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಆಮೇಲೆ ಸರ್ಕಾರ ಆಸ್ಪತ್ರೆ ಕಾರ್ಡಿಗೆ ಒಂದು ಆ್ಯಪ್ ಮಾಡಿತು. ಆ್ಯಪ್ ಬಲು ಜಾಣ. ಒಂದೇ ದಿನ ಇಷ್ಟು ಜನ ಹುಟ್ಟುವುದುಂಟೇ ಎಂದು ಅರ್ಧ ಊರನ್ನೇ ನಕಲಿ ಅಂತ ತೀರ್ಮಾನಿಸಿತು. ಆ ನಕಲಿಗಳಲ್ಲಿ ಅವನ ಅಕ್ಕನೂ ಒಬ್ಬಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಾರ್ಡಿಲ್ಲದೆ ಆಪರೇಷನ್ ಇಲ್ಲ. ಜನವರಿ ಒಂದಕ್ಕೆ ನನ್ನನ್ನು ಹುಟ್ಟಿಸಿದವನು ನೀನೇ ತಾನೇ, ಕಣ್ಣೂ ನೀನೇ ಕೊಡಿಸು ಎಂದು ದಿನಾ ಕುಟುಕುತ್ತಿದ್ದಳು.

ಅದೇ ಹೊತ್ತಿಗೆ, ಜನರ ಜೊತೆ ಕೂತು ಆ್ಯಪ್ ತಿದ್ದುತ್ತೇವೆಂದು ನಗರದಿಂದ ಒಂದು ತಂಡ ಬಂತು. ಇವನನ್ನು 'ಗ್ರಾಮೀಣ ನಾಗರಿಕ' ಎಂದು ಆರಿಸಿತು. ಮೊದಲ ಸಭೆಯಲ್ಲಿ ಆ್ಯಪಿಗೆ ಯಾವ ಬಣ್ಣ ಬೇಕೆಂದು ಕೇಳಿದರು. ಎರಡನೆಯದರಲ್ಲಿ, ಆ್ಯಪ್ ಒಂದು ಪ್ರಾಣಿಯಾಗಿದ್ದರೆ ಯಾವುದಾಗಿರುತ್ತಿತ್ತು ಎಂದು. ಎಮ್ಮೆ ಅಂದನಂತೆ, ಹಾಲು ಕೊಡದ್ದು. ಮೂರನೆಯದರಲ್ಲಿ ಇವನೇ ಎದ್ದು ನಿಂತ. ಹುಟ್ಟಿದ ದಿನ ಕೇಳುವ ಕಡೆ 'ಗೊತ್ತಿಲ್ಲ' ಅಂತ ಒಂದು ಗುಂಡಿ ಇಡಿ, ಬಣ್ಣ ಯಾವುದಾದರೂ ಆಗಲಿ ಅಂದ. ತಾರೀಕಿಲ್ಲದೆ ಆಗುವುದಿಲ್ಲ ಎಂದಳು ತಂಡದ ಮುಖ್ಯಸ್ಥೆ.

"ಹುಟ್ಟಿದ ದಿನ ಗೊತ್ತಿಲ್ಲದವರೂ ಹುಟ್ಟಿರ್ತಾರೆ, ಮೇಡಂ."

ಮಾತು ಅವಳಿಗೆ ಎಷ್ಟು ಹಿಡಿಸಿತೆಂದರೆ ಹಳದಿ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಂಡಿ ಬರಲಿಲ್ಲ.

ಆಮೇಲೆ ಗುಂಡಿ ಬೇಡಿ ಹನ್ನೊಂದು ಅರ್ಜಿ ಬರೆದ, ಜೀವಮಾನದಲ್ಲಿ ಮೊದಲ ಸಲ ತನ್ನ ಹೆಸರಿನಲ್ಲಿ. ಹನ್ನೆರಡನೆಯದನ್ನು ಬರೆಯುತ್ತ ಮೇಜಿನ ಮೇಲೆ ತಲೆ ಇಟ್ಟವನು ಏಳಲಿಲ್ಲ. ಅವನು ಸತ್ತ ತಾರೀಕನ್ನು ಸರ್ಕಾರ ಒಂದು ತಕರಾರೂ ಇಲ್ಲದೆ ಒಪ್ಪಿಕೊಂಡಿತು.

ಅದಾಗಿ ಎಂಟನೇ ದಿನಕ್ಕೆ ಗುಂಡಿ ಬಂತು. ನಾನೇ ಅಕ್ಕನ ಬೆರಳು ಹಿಡಿದು ಒತ್ತಿಸಿದೆ. ಗೊತ್ತಿಲ್ಲ ಎಂಬುದಕ್ಕೆ ದಾಖಲೆ ಲಗತ್ತಿಸಿ ಎಂದಿತು. ಅವನ ಹನ್ನೊಂದು ಅರ್ಜಿಗಳನ್ನೂ ಲಗತ್ತಿಸಿದೆ. ಕಾರ್ಡು ಬಂತು.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಾನು ಜೊತೆಗಿದ್ದೆ. ಆಸ್ಪತ್ರೆಯ ಗೋಡೆಯ ಮೇಲೆ ಆ್ಯಪಿನ ಜಾಹೀರಾತು. ಅದರಲ್ಲಿ ಇವನ ಫೋಟೊ, ಕೆಳಗೆ 'ಸಂತುಷ್ಟ ನಾಗರಿಕ'. ಅಕ್ಕ ಹತ್ತಿರ ಹೋಗಿ ತುಂಬಾ ಹೊತ್ತು ನೋಡಿದಳು.

"ಇವನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತೋ?" ಅಂದಳು.