ಮೌಶಿಯ ಎಡಗಿವಿ

ಈ ವರ್ಷ ಬೂದಿ ಬುಧವಾರಕ್ಕೆ ಮುಂಚೆ, ಪರ್ಕಳದ ನನ್ನ ಬಾಡಿಗೆ ಮನೆಯ ಹತ್ತಿರ ಯಾರೋ ಒಣಗಿದ ತೆಂಗಿನ ಗರಿ ಸುಡುತ್ತಿದ್ದರು. ನಮ್ಮೂರಿನ ಇಗರ್ಜಿಯಲ್ಲಿ ಹಣೆಗೆ ಹಚ್ಚುವ ಬೂದಿಗಾಗಿ ಹೀಗೆಯೇ ಹಳೆಯ ಗರಿಗಳನ್ನು ಸುಡುತ್ತಿದ್ದರು. ಆ ಹೊಗೆ ಮೂಗಿಗೆ ಬಡಿದದ್ದೇ, ನೆರೆಮನೆಯ ಬಾಪ್ಪು ನೆನಪಾದರು...

ಎಪ್ಪತ್ತರ ದಶಕ. ನಾನಾಗ ನಮ್ಮೂರು ಶಂಕರಪುರದಲ್ಲಿ ಹೈಸ್ಕೂಲು ಓದುತ್ತಿದ್ದೆ. ಚಿಕ್ಕಪ್ಪನ ಪ್ರಾಯದ ಅವರನ್ನು ಬಾಪ್ಪು ಎಂದೂ ಅವರ ಹೆಂಡತಿಯನ್ನು ಮೌಶಿ ಎಂದೂ ಕರೆಯುತ್ತಿದ್ದೆವು. ಬಾಪ್ಪು ಇಗರ್ಜಿಯಲ್ಲಿ ಮುಂದೆ ನಿಂತು ಹಾಡುವವರು. ಅವರು ಸ್ವರ ಎತ್ತಿದರೆ ಮಾತಾಡುತ್ತಿದ್ದವರೂ ಸುಮ್ಮನಾಗುತ್ತಿದ್ದರು. ಮೌಶಿ ಹಿತ್ತಲಿನ ಮಲ್ಲಿಗೆ ಕೊಯ್ದು ಕಟ್ಟುತ್ತಿದ್ದರು.

ಬಾಪ್ಪು ಕುಡಿಯುತ್ತಿದ್ದರು. ಒಂದು ಸಂಜೆ ಮೌಶಿ ಸಾರಾಯಿಯನ್ನು ಅಂಗಳಕ್ಕೆ ಚೆಲ್ಲಿದ್ದಕ್ಕೆ ಅವರಿಗೆ ಹೊಡೆದರು. ಕೂಗು ನಮಗೆ ಕೇಳಿತು. ಅಪ್ಪ ಚಪ್ಪಲಿ ಮೆಟ್ಟಿದವರು, "ಅವರವರ ಮನೆಯ ವಿಷಯ" ಎಂದು ಮತ್ತೆ ಕುಳಿತರು. ಅಮ್ಮ ಕಿಟಕಿ ಹಾಕಿದರು.

ಮೌಶಿಯ ಎಡಗಿವಿ ಇನ್ನು ಕೇಳಿಸುವುದಿಲ್ಲ ಎಂದು ಮಣಿಪಾಲದ ಡಾಕ್ಟರು ಹೇಳಿದರು.

ಬಾಪ್ಪು ಕುಡಿಯುವುದನ್ನು ಬಿಟ್ಟರು. ಹಾಡುವುದನ್ನೂ ಬಿಟ್ಟರು. ಈಸ್ಟರಿಗೆ ಮುಂಚಿನ ಆ ತಪಸ್ಸುಕಾಲವಿಡೀ ಇಗರ್ಜಿಯ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತರು. ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡಿದರು; ಉಪವಾಸ ಹಿಡಿದರು; ಬರಿಗಾಲಲ್ಲಿ ಕಾರ್ಕಳದ ಇಗರ್ಜಿಯವರೆಗೆ ನಡೆದು ಹರಕೆ ಹೊತ್ತರು. ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿಸಿ ಬಂದವರು, ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಮೌಶಿಯ ಎಡಗಡೆ ನಿಂತು ಮೆಲ್ಲಗೆ ಹೆಸರು ಕರೆಯುತ್ತಿದ್ದರು. ಮೌಶಿ ತಿರುಗುತ್ತಿರಲಿಲ್ಲ. ಬಾಪ್ಪು ಸದ್ದಿಲ್ಲದೆ ಒಳಗೆ ಹೋಗುತ್ತಿದ್ದರು. ಬೇಲಿಯ ಈಚೆ ಬಟ್ಟೆ ಒಣಹಾಕುತ್ತಿದ್ದ ನಾನು ನೋಡಿಯೂ ನೋಡದವಳಂತೆ ಇರುತ್ತಿದ್ದೆ.

ಒಂದು ಶುಕ್ರವಾರ ಅವರ ನೆರಳು ಹೂವಿನ ಮೇಲೆ ಬಿತ್ತು. ಮೌಶಿ ತಲೆ ಎತ್ತಿದರು.

"ದೇವರ ಹತ್ತಿರ ದಿನಾ ನನ್ನ ಕಿವಿ ಕೇಳ್ತೀರಿ. ನನ್ನ ಹತ್ತಿರ ಎಂತ ಕೇಳಿದ್ದೀರಿ?"

ಬಾಪ್ಪು ಸುತ್ತಿ ಬಂದು ಅವರ ಬಲಗಡೆ ಕುಕ್ಕರಗಾಲಲ್ಲಿ ಕುಳಿತರು. ಏನೋ ಗೊಣಗಿದರು.

"ದೊಡ್ಡಕ್ಕೆ ಹೇಳಿ," ಎಂದರು ಮೌಶಿ. "ಹೊಡೆದದ್ದು ನೆರೆಕರೆಗೆಲ್ಲ ಕೇಳಿದೆ. ಇದೂ ಕೇಳಲಿ."

ಬಾಪ್ಪು ಎದ್ದು ನಿಂತರು. ಹಾಡುವ ಆ ದೊಡ್ಡ ಸ್ವರದಲ್ಲಿಯೇ, "ನನ್ನದು ತಪ್ಪಾಯಿತು. ನನ್ನನ್ನು ಕ್ಷಮಿಸು," ಎಂದರು. ಕೊನೆಯ ಶಬ್ದದಲ್ಲಿ ಸ್ವರ ಒಡೆಯಿತು. ನಮ್ಮ ಅಡುಗೆಮನೆಯಲ್ಲಿ ಅರೆಯುವ ಕಲ್ಲು ನಿಂತಿತು. ನಮ್ಮ ಜಗಲಿಯಲ್ಲಿದ್ದ ಅಪ್ಪ ಎದ್ದು ಒಳಗೆ ಹೋದರು.

ಮೌಶಿ ಕೈಯಲ್ಲಿದ್ದ ಹೂವನ್ನು ಕಟ್ಟಿ ಮುಗಿಸಿದರು. ಆಮೇಲೆ, "ಗಂಜಿ ಉಂಟು, ಬನ್ನಿ" ಎಂದರು.

ಕಿವಿ ವಾಸಿಯಾಗಲಿಲ್ಲ. ಆದರೆ ಈಸ್ಟರಿಗೆ ಬಾಪ್ಪು ಮತ್ತೆ ಹಾಡಿದರು. ಮೌಶಿ ಬಲಗಿವಿ ಅವರ ಕಡೆಗೆ ಬರುವಂತೆ, ಜಾಗ ಬದಲಿಸಿ ಕುಳಿತರು.

ಎಂಬತ್ತರ ದಶಕ ಮುಗಿಯುವುದರೊಳಗೆ ಇಬ್ಬರೂ ತೀರಿಕೊಂಡರು. ಬಾಪ್ಪು ಊರಿಗೇ ಕೇಳುವಂತೆ ಕ್ಷಮೆ ಬೇಡಿದರು. ಆ ಸಂಜೆ ಕೇಳಿಯೂ ಹೋಗದ ನಾವು ಮೂವರು, ಮೌಶಿ ಬದುಕಿರುವವರೆಗೂ ಆ ಬೇಲಿ ದಾಟಿ ತಪ್ಪಾಯಿತೆಂದು ಒಂದು ಮಾತು ಹೇಳಲಿಲ್ಲ. ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಪ್ರತಿ ತಪಸ್ಸುಕಾಲದಲ್ಲಿ ದೇವರ ಮುಂದೆ ಮೊಣಕಾಲೂರಿ ಹೇಳುತ್ತೇನೆ... ಹೇಳಬೇಕಾದದ್ದು ಮೌಶಿಗೆ.